ಉಳಿದವರು ಕಂಡಂತೆ (ಚಲನಚಿತ್ರ)

ಉಳಿದವರು ಕಂಡಂತೆ 2014ರ ಮಾರ್ಚ್ 28ರಂದು ಬಿಡುಗಡೆಯಾದ ಕನ್ನಡ ಚಲನಚಿತ್ರ. ಇದು ಉಡುಪಿ ಮೂಲದ ನಟ ರಕ್ಷಿತ್ ಶೆಟ್ಟಿ ಅವರು ನಿರ್ದೇಶಿಸಿದ ಮೊದಲ ಚಿತ್ರ. ಮಲ್ಪೆಯ ಕಡಲತೀರದಲ್ಲಿ ಕೃಷ್ಣ ಜನ್ಮಾಷ್ಟಮಿಯ ಸಂದರ್ಭದಲ್ಲಿ ನಡೆಯುವ ಅಪರಾಧವೊಂದನ್ನು ಚಿತ್ರವು ಬೇರೆ ಬೇರೆ ವ್ಯಕ್ತಿಗಳ ದೃಷ್ಟಿಯಿಂದ ನಿರೂಪಿಸುತ್ತದೆ. ಕಾಲಾನುಕ್ರಮವನ್ನು ಪಾಲಿಸದ ಈ ನಿರೂಪಣೆಯಿಂದಾಗಿ ಚಿತ್ರವು ಬಿಡುಗಡೆಯ ವೇಳೆ ಪ್ರೇಕ್ಷಕರಲ್ಲಿ ತೀವ್ರ ಭಿನ್ನಾಭಿಪ್ರಾಯವನ್ನು ಉಂಟುಮಾಡಿತು. ಗಳಿಕೆಯಲ್ಲಿ ನಿರೀಕ್ಷಿತ ಯಶಸ್ಸು ಪಡೆಯದಿದ್ದರೂ ಮುಂದಿನ ವರ್ಷಗಳಲ್ಲಿ ಕನ್ನಡದ ಪ್ರಮುಖ ಕಲ್ಟ್ ಚಿತ್ರಗಳಲ್ಲಿ ಒಂದೆಂದು ಗುರುತಿಸಲ್ಪಟ್ಟಿತು.

ಕಥಾವಸ್ತು

ಪತ್ರಕರ್ತೆ ರೆಜಿನಾ ಮಲ್ಪೆಯಲ್ಲಿ ನಡೆದುಹೋದ ಘಟನೆಯೊಂದರ ಕುರಿತು ಅದನ್ನು ಬಲ್ಲವರಿಂದ ವಿವರಗಳನ್ನು ಸಂಗ್ರಹಿಸುತ್ತಾಳೆ. ಬಾಲ್ಯದಲ್ಲಿ ನಡೆದ ಕೃತ್ಯಕ್ಕಾಗಿ ರಿಮ್ಯಾಂಡ್ ಹೋಮ್ ಸೇರಿ ಬಂದ ರಿಚ್ಚಿ ಈಗ ಊರಿನ ರೌಡಿ. ಅವನ ಬಾಲ್ಯದ ಗೆಳೆಯ ರಘು ಊರು ತೊರೆದು ಮುಂಬಯಿ ಸೇರಿದವನು. ತಾಯಿ ರತ್ನಕ್ಕನನ್ನು ತನ್ನೊಡನೆ ಕರೆದೊಯ್ಯಲು ಅವನು ವರ್ಷಗಳ ಬಳಿಕ ಹಿಂತಿರುಗುತ್ತಾನೆ. ಮೀನುಗಾರ ಬಾಲುವಿಗೆ ಕಡಲಿನಲ್ಲಿ ವಸ್ತುವೊಂದು ಸಿಗುತ್ತದೆ. ಬಾಲುವಿನ ತಂಗಿ ಶಾರದೆಯನ್ನು ಮುನ್ನ ಮೌನವಾಗಿ ಪ್ರೀತಿಸುತ್ತಿರುತ್ತಾನೆ. ಪರಸ್ಪರ ಸಂಬಂಧವಿಲ್ಲವೆಂದು ತೋರುವ ಈ ಎಳೆಗಳು ಅಷ್ಟಮಿಯ ಸಂಭ್ರಮದ ನಡುವೆ ಒಂದೆಡೆ ಕೂಡುತ್ತವೆ.

ಪಾತ್ರವರ್ಗ ಮತ್ತು ತಾಂತ್ರಿಕ ವರ್ಗ

ರಿಚ್ಚಿಯಾಗಿ ರಕ್ಷಿತ್ ಶೆಟ್ಟಿ, ಮುನ್ನನಾಗಿ ಕಿಶೋರ್, ಬಾಲುವಾಗಿ ಅಚ್ಯುತ್ ಕುಮಾರ್, ರತ್ನಕ್ಕನಾಗಿ ತಾರಾ, ರಘುವಾಗಿ ರಿಷಬ್ ಶೆಟ್ಟಿ, ಶಾರದೆಯಾಗಿ ಯಜ್ಞಾ ಶೆಟ್ಟಿ ಹಾಗೂ ರೆಜಿನಾ ಆಗಿ ಶೀತಲ್ ಶೆಟ್ಟಿ ನಟಿಸಿದ್ದಾರೆ. ಬಿ. ಅಜನೀಶ್ ಲೋಕನಾಥ್ ಸಂಗೀತ ನೀಡಿದ್ದು, ಕರಮ್ ಚಾವ್ಲಾ ಛಾಯಾಗ್ರಹಣ ಮಾಡಿದ್ದಾರೆ.

ನಿರೂಪಣಾ ತಂತ್ರ

ಚಿತ್ರವನ್ನು ಅಧ್ಯಾಯಗಳಾಗಿ ವಿಭಜಿಸಲಾಗಿದೆ. ಒಂದು ಅಧ್ಯಾಯದಲ್ಲಿ ಹಿನ್ನೆಲೆಯಲ್ಲಷ್ಟೇ ಹಾದುಹೋಗುವ ವ್ಯಕ್ತಿ ಮತ್ತೊಂದರಲ್ಲಿ ಕೇಂದ್ರಕ್ಕೆ ಬರುತ್ತಾನೆ. ಒಮ್ಮೆ ಕಂಡ ಸನ್ನಿವೇಶ ಬೇರೊಬ್ಬರ ಕಥೆಯೊಳಗೆ ಬೇರೆ ಅರ್ಥ ಪಡೆಯುತ್ತದೆ. ಶೀರ್ಷಿಕೆಯೂ ಇದನ್ನೇ ಸೂಚಿಸುತ್ತದೆ: ಘಟನೆಯ ಕೇಂದ್ರದಲ್ಲಿದ್ದವರ ಮಾತು ಇಲ್ಲಿ ದೊರೆಯುವುದಿಲ್ಲ, ಉಳಿದವರು ಕಂಡದ್ದಷ್ಟೇ ದೊರೆಯುತ್ತದೆ.

ಒಂದೇ ಘಟನೆಯನ್ನು ಹಲವು ಸಾಕ್ಷಿಗಳ ಮೂಲಕ ಹೇಳುವ ವಿಧಾನವು ಅಕಿರ ಕುರೊಸಾವಾ ಅವರ ಜಪಾನಿ ಚಿತ್ರ ‘ರಾಶೋಮನ್’ (1950) ಮೂಲಕ ಜಗತ್ತಿನಾದ್ಯಂತ ಪರಿಚಿತವಾಯಿತು. ಅಧ್ಯಾಯಗಳನ್ನು ಕಾಲಕ್ರಮ ತಪ್ಪಿಸಿ ಜೋಡಿಸುವ ವಿಧಾನಕ್ಕೆ ಕ್ವೆಂಟಿನ್ ಟ್ಯಾರಂಟಿನೊ ಅವರ ‘ಪಲ್ಪ್ ಫಿಕ್ಷನ್’ (1994) ಪ್ರಸಿದ್ಧ ಉದಾಹರಣೆ. ‘ಉಳಿದವರು ಕಂಡಂತೆ’ ಚಿತ್ರವನ್ನು ಈ ಎರಡರೊಡನೆಯೂ ಹೋಲಿಸಲಾಗುತ್ತದೆ.

ಕನ್ನಡದ ಪ್ರೇಕ್ಷಕರಿಗೆ ಜಟಿಲ ನಿರೂಪಣೆ ಸಂಪೂರ್ಣ ಹೊಸತಾಗಿರಲಿಲ್ಲ. ಉಪೇಂದ್ರ ಅವರ ‘ಎ’ (1998) ಹಿಂದುಮುಂದಾದ ಕಥಾಕ್ರಮವಿದ್ದೂ ಭಾರಿ ಯಶಸ್ಸು ಗಳಿಸಿತ್ತು. ಕನಸು ಮತ್ತು ವಾಸ್ತವಗಳ ಗಡಿಯನ್ನು ಮಸುಕುಗೊಳಿಸುವ ಪವನ್ ಕುಮಾರ್ ಅವರ ‘ಲೂಸಿಯಾ’ 2013ರಲ್ಲಿ, ಅಂದರೆ ಹಿಂದಿನ ವರ್ಷವಷ್ಟೇ, ತೆರೆಕಂಡಿತ್ತು. ಆದರೆ ‘ಲೂಸಿಯಾ’ದ ಒಗಟಿಗೆ ಕೊನೆಯಲ್ಲಿ ಉತ್ತರವಿದೆ. ‘ಉಳಿದವರು ಕಂಡಂತೆ’ ಅಂತಹ ಒಂದೇ ಕೀಲಿಕೈಯನ್ನು ಪ್ರೇಕ್ಷಕರ ಕೈಗಿಡುವುದಿಲ್ಲ. ಬಿಡಿ ಸಾಕ್ಷ್ಯಗಳನ್ನು ಜೋಡಿಸುವ ಕೆಲಸವನ್ನು ಅವರಿಗೇ ಬಿಡುತ್ತದೆ.

ಭಾಷೆ ಮತ್ತು ಪ್ರಾದೇಶಿಕ ಹಿನ್ನೆಲೆ

ಚಿತ್ರದ ಸಂಭಾಷಣೆಗಳು ಕರಾವಳಿಯ ಆಡುಗನ್ನಡದಲ್ಲಿವೆ. ಮುಖ್ಯವಾಹಿನಿಯ ಕನ್ನಡ ಚಿತ್ರಗಳಲ್ಲಿ ಮಂಗಳೂರು ಕನ್ನಡವು ಬಹುಕಾಲ ಹಾಸ್ಯಪಾತ್ರಗಳ ಮಾತಾಗಿ ಬಳಕೆಯಾಗುತ್ತಿತ್ತು. ಇಲ್ಲಿ ಅದೇ ನುಡಿ ಸಿಟ್ಟು, ಭಯ, ಪ್ರೀತಿ ಮತ್ತು ಶೋಕದ ಭಾಷೆಯಾಗಿದೆ.

ಹುಲಿವೇಷವು ಚಿತ್ರದ ಮತ್ತೊಂದು ಮುಖ್ಯ ಅಂಶ. ತಾಸೆಯ ಬಡಿತಕ್ಕೆ ಮೈಗೆ ಬಣ್ಣ ಹಚ್ಚಿಕೊಂಡು ಕುಣಿಯುವ ಈ ಕಲೆ ಉಡುಪಿಯಲ್ಲಿ ಅಷ್ಟಮಿಯ ಮರುದಿನದ ವಿಟ್ಲಪಿಂಡಿಯೊಂದಿಗೂ, ಮಂಗಳೂರಿನಲ್ಲಿ ನವರಾತ್ರಿಯೊಂದಿಗೂ ಬೆಸೆದುಕೊಂಡಿದೆ. ಇದರ ಹಿನ್ನೆಲೆ ಬಲ್ಲ ಕರಾವಳಿಯ ಪ್ರೇಕ್ಷಕರಿಗೆ ಕಥೆಯ ಎಳೆ ತಪ್ಪಿದಾಗಲೂ ಸನ್ನಿವೇಶದ ಭಾವ ಎಟುಕುತ್ತಿತ್ತು. ಆ ಪರಿಚಯವಿಲ್ಲದವರಿಗೆ ಕಥಾಕ್ರಮದ ತೊಡಕಿನ ಜೊತೆಗೆ ನುಡಿಯ ತೊಡಕೂ ಸೇರಿಕೊಂಡಿತು.

ಪ್ರೇಕ್ಷಕರ ಪ್ರತಿಕ್ರಿಯೆ

ಬಿಡುಗಡೆಯ ಮುನ್ನ ಚಿತ್ರದ ಬಗ್ಗೆ ಹೆಚ್ಚಿನ ಕುತೂಹಲವಿತ್ತು. ‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ (2013) ಚಿತ್ರದಿಂದ ರಕ್ಷಿತ್ ಶೆಟ್ಟಿ ಜನಪ್ರಿಯರಾಗಿದ್ದರು. ಆ ಚಿತ್ರದ ಲವಲವಿಕೆಯ ಮಾತುಗಾರಿಕೆಯನ್ನೋ, ರಿಚ್ಚಿಯ ಸುತ್ತ ಸಾಗುವ ನೇರ ರೌಡಿ ಕಥೆಯನ್ನೋ ನಿರೀಕ್ಷಿಸಿ ಬಂದವರಿಗೆ ತೆರೆಯ ಮೇಲೆ ಕಂಡದ್ದು ಬೇರೆಯೇ ಆಗಿತ್ತು.

ಆಕ್ಷೇಪಗಳು ಮುಖ್ಯವಾಗಿ ಮೂರು ಬಗೆಯವು. ಕಥೆ ಅರ್ಥವಾಗುವುದಿಲ್ಲ ಎಂಬುದು ಮೊದಲನೆಯದು. ಗತಿ ನಿಧಾನವೆಂಬುದು ಎರಡನೆಯದು. ತಂತ್ರವು ಭಾವನೆಯನ್ನು ಮೀರಿದೆ, ಒಂದು ಪಾತ್ರದೊಡನೆ ಬೆರೆಯುವಷ್ಟರಲ್ಲಿ ಅಧ್ಯಾಯ ಮುಗಿಯುತ್ತದೆ ಎಂಬುದು ಮೂರನೆಯದು. ಮೆಚ್ಚಿದವರು ಇದೇ ಗುಣಗಳನ್ನು ಚಿತ್ರದ ಶಕ್ತಿಯೆಂದು ಪರಿಗಣಿಸಿದರು. ಅವರ ದೃಷ್ಟಿಯಲ್ಲಿ ಗೊಂದಲವು ಚಿತ್ರಕಥೆಯ ದೋಷವಲ್ಲ. ಪ್ರತಿಯೊಬ್ಬ ಸಾಕ್ಷಿಗೂ ಸತ್ಯದ ತುಣುಕೊಂದೇ ದಕ್ಕುತ್ತದೆ ಎಂಬ ವಸ್ತುವಿನ ಸಹಜ ಫಲ. ಛಾಯಾಗ್ರಹಣ, ಹಿನ್ನೆಲೆ ಸಂಗೀತ ಹಾಗೂ ಪರಿಸರದ ಚಿತ್ರಣಕ್ಕೆ ವ್ಯಾಪಕ ಪ್ರಶಂಸೆ ದೊರೆಯಿತು.

ಈ ಭಿನ್ನಾಭಿಪ್ರಾಯಕ್ಕೆ ಚಿತ್ರಮಂದಿರಗಳ ವ್ಯವಸ್ಥೆಯೂ ಹಿನ್ನೆಲೆಯಾಗಿದೆ. ಎರಡನೆಯ ವೀಕ್ಷಣೆಯಲ್ಲಿ ಸ್ಪಷ್ಟವಾಗುವ ಚಿತ್ರಕ್ಕೆ ಕಾಲಾವಕಾಶ ಬೇಕು. ಆದರೆ ಮೊದಲ ವಾರಾಂತ್ಯದ ಗಳಿಕೆ ಮತ್ತು ಬಾಯಿಮಾತಿನ ಪ್ರಚಾರದ ಮೇಲೆ ಪ್ರದರ್ಶನಗಳ ಸಂಖ್ಯೆ ನಿರ್ಧಾರವಾಗುವಾಗ, ‘ಅರ್ಥವಾಗಲಿಲ್ಲ’ ಎಂಬ ಮೊದಲ ಅಭಿಪ್ರಾಯವೇ ಬಹುತೇಕ ಅಂತಿಮ ತೀರ್ಪಾಗಿಬಿಡುತ್ತದೆ. ಆದುದರಿಂದ ಇಂತಹ ಚಿತ್ರಗಳಿಗೆ ಪ್ರೇಕ್ಷಕರ ಮೊದಲ ಗೊಂದಲವು ರುಚಿಯ ಪ್ರಶ್ನೆಯಷ್ಟೇ ಅಲ್ಲ, ಉಳಿವಿನ ಪ್ರಶ್ನೆಯೂ ಹೌದು.

ಮರುಮೌಲ್ಯಮಾಪನ ಮತ್ತು ಪ್ರಭಾವ

ಚಿತ್ರಮಂದಿರಗಳಿಂದ ತೆರವಾದ ನಂತರ ಚಿತ್ರವನ್ನು ಬಿಡಿಬಿಡಿಯಾಗಿ, ಮರಳಿ ಮರಳಿ ನೋಡುವ ಅವಕಾಶ ದೊರೆತಂತೆ ಅದರ ಬಗೆಗಿನ ಅಭಿಪ್ರಾಯ ಬದಲಾಯಿತು. ಒಂದು ದೃಶ್ಯದ ಮೂಲೆಯಲ್ಲಿ ಕಂಡದ್ದನ್ನು ಮತ್ತೊಂದು ಅಧ್ಯಾಯದೊಡನೆ ಹೊಂದಿಸಿ ಚರ್ಚಿಸುವ ಅಭಿಮಾನಿ ವರ್ಗ ಬೆಳೆಯಿತು. ರಿಚ್ಚಿಯ ನಡಿಗೆ ಮತ್ತು ಮಾತುಗಳು ಜನಪ್ರಿಯವಾದವು.

ಚಿತ್ರದಲ್ಲಿ ಭಾಗಿಯಾದವರು ಮುಂದೆ ಕನ್ನಡ ಚಿತ್ರರಂಗದ ಪ್ರಮುಖರಾದರು. ರಿಷಬ್ ಶೆಟ್ಟಿ ನಿರ್ದೇಶನದ, ರಕ್ಷಿತ್ ಶೆಟ್ಟಿ ನಟಿಸಿದ ‘ಕಿರಿಕ್ ಪಾರ್ಟಿ’ (2016) ದೊಡ್ಡ ಯಶಸ್ಸು ಗಳಿಸಿತು. ರಿಷಬ್ ಅವರ ‘ಕಾಂತಾರ’ (2022) ಕರಾವಳಿಯ ನುಡಿ ಮತ್ತು ಆಚರಣೆಗಳನ್ನು ದೇಶವ್ಯಾಪಿ ಪ್ರೇಕ್ಷಕರಿಗೆ ತಲುಪಿಸಿತು. ಅದಕ್ಕೂ ಅಜನೀಶ್ ಅವರದೇ ಸಂಗೀತ. ಮಂಗಳೂರಿನ ಮಂಗಳಾದೇವಿ ಪರಿಸರದಲ್ಲಿ ನಡೆಯುವ ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021) ಚಿತ್ರದಲ್ಲಿಯೂ ಅಪರಾಧ, ಗೆಳೆತನ ಹಾಗೂ ಹುಲಿವೇಷ ಒಟ್ಟಾಗಿ ಬರುತ್ತವೆ.

ರೀಮೇಕ್ ಮತ್ತು ಮುಂದುವರಿದ ಭಾಗ

‘ಉಳಿದವರು ಕಂಡಂತೆ’ ತಮಿಳಿನಲ್ಲಿ ‘ರಿಚ್ಚಿ’ (2017) ಎಂಬ ಹೆಸರಿನಲ್ಲಿ ಮರುನಿರ್ಮಾಣಗೊಂಡಿತು. ಗೌತಮ್ ರಾಮಚಂದ್ರನ್ ನಿರ್ದೇಶಿಸಿದ ಈ ಚಿತ್ರದಲ್ಲಿ ನಿವಿನ್ ಪೌಲಿ ಮುಖ್ಯ ಪಾತ್ರ ವಹಿಸಿದ್ದಾರೆ. 2021ರಲ್ಲಿ ರಕ್ಷಿತ್ ಶೆಟ್ಟಿ ನಿರ್ದೇಶಿಸಿ ನಟಿಸುವ ‘ರಿಚರ್ಡ್ ಆಂಟನಿ’ ಚಿತ್ರವನ್ನು ಹೊಂಬಾಳೆ ಫಿಲ್ಮ್ಸ್ ಪ್ರಕಟಿಸಿತು. ಶೀರ್ಷಿಕೆಯು ರಿಚ್ಚಿಯ ಪೂರ್ಣ ಹೆಸರಾಗಿದೆ.