ಒಂಟಿಗುಂಡಿನ ಹಳೆಯ ಕೋವಿ: ಜೀರ್ಣೋದ್ಧಾರ ಮತ್ತು ಬಿಡಿಭಾಗಗಳು

ಒಂದು ಸಲಕ್ಕೆ ಒಂದೇ ಗುಂಡು ಅಥವಾ ಒಂದೇ ತೋಟಾ ತುಂಬಿ ಹಾರಿಸುವ, ಪ್ರತಿ ಹೊಡೆತದ ನಂತರ ಕೈಯಿಂದಲೇ ಮತ್ತೆ ತುಂಬಬೇಕಾದ ಬಂದೂಕು ಒಂಟಿಗುಂಡಿನ ಕೋವಿ. ನಳಿಗೆಯ ಬಾಯಿಂದ ಮದ್ದು, ಚರೆ ತುಂಬುವ ಕೇಪಿನ ಕೋವಿ, ಹಿಂಬದಿಯಿಂದ ತೋಟಾ ತುಂಬುವ ಒಂಟಿನಳಿಗೆ ತೋಟಾಕೋವಿ, ಸೈನ್ಯದಿಂದ ಹೊರಬಿದ್ದ ಹತ್ತೊಂಬತ್ತನೆಯ ಶತಮಾನದ ರೈಫಲು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿಗಳು ತಂದೆಯಿಂದ ಮಗನಿಗೆ ಇಳಿದು ಬರುತ್ತವೆ. ಇಂಥ ಕೋವಿ ಕೆಟ್ಟಾಗ ಅದನ್ನು ಮತ್ತೆ ಗುಂಡು ಹಾರುವಂತೆ ಮಾಡುವುದೇ ಜೀರ್ಣೋದ್ಧಾರ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಚರಿತ್ರೆ, ಲೋಹದ ಗುಣ, ಕಾನೂನು ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಬೇರೆ ತೀರ್ಮಾನ ಮೂಡುತ್ತದೆ: ಉಳಿದಿರುವುದನ್ನು ಉಳಿದಂತೆಯೇ ಕಾಪಾಡುವುದು ಮೊದಲ ಕೆಲಸ, ಹೊಸ ಬಿಡಿಭಾಗ ಕೂಡಿಸುವುದು ಕೊನೆಯ ಕೆಲಸ.

ಈ ಸೀಮೆಗೂ ಕೋವಿಗೂ ನಂಟು ಹಳೆಯದು. 1799ರ ಮಾರ್ಚ್ 27ರಂದು ಮಳವಳ್ಳಿಯ ಬಳಿ ಟಿಪ್ಪು ಸುಲ್ತಾನನ ಪಡೆಯೂ ಬ್ರಿಟಿಷ್ ಜನರಲ್ ಹ್ಯಾರಿಸ್‌ನ ಸೇನೆಯೂ ಎದುರಾದವು. ಆಗ ಕಾಲಾಳುಗಳ ಮುಖ್ಯ ಆಯುಧ ಬಾಯಿಂದ ತುಂಬುವ ಚಕಮಕಿ ಕೋವಿ. ಅದೇ ವರ್ಷದ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಅನೇಕ ಕೋವಿಗಳು ಇಂಗ್ಲೆಂಡಿಗೆ ಸಾಗಿ, ಇಂದು ಅಲ್ಲಿನ ಸಂಗ್ರಹಾಲಯಗಳಲ್ಲಿವೆ. ಟಿಪ್ಪುವಿನ ಕಾರ್ಖಾನೆಗಳಲ್ಲಿ ತಯಾರಾದ ಕೋವಿಗಳನ್ನು ಗುರುತಿಸುವುದು ಅವುಗಳ ಮೇಲಿನ ಹುಲಿಪಟ್ಟೆಯ ಅಲಂಕಾರದಿಂದ, ಕೆತ್ತಿದ ಊರಿನ ಹೆಸರಿನಿಂದ, ಅವನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷದಿಂದ. ಯಾರಾದರೂ ಹೊಳಪಿಗಾಗಿ ನಳಿಗೆಯನ್ನು ಉಪ್ಪುಕಾಗದದಿಂದ ಉಜ್ಜಿದ್ದರೆ ಈ ಸಾಕ್ಷ್ಯ ಉಳಿಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪು ಬಂದಾಗ ಚಕಮಕಿ ಕೋವಿಗಳನ್ನು ಕೇಪಿಗೆ ಒಗ್ಗಿಸಿಕೊಂಡದ್ದೂ ಉಂಟು. ಅಂಥ ಕೋವಿಯನ್ನು ‘ಮೂಲರೂಪಕ್ಕೆ’ ತರುತ್ತೇವೆಂದು ಮತ್ತೆ ಚಕಮಕಿ ಜೋಡಿಸಿದರೆ, ಅದನ್ನು ದೀರ್ಘಕಾಲ ಬಳಸಿದವರ ಚರಿತ್ರೆಯೇ ಅಳಿಸಿಹೋಗುತ್ತದೆ.

ಬಿಡಿಭಾಗ ಹುಡುಕುವ ಮುನ್ನ ಕೋವಿಯ ಜಾತಿ ತಿಳಿಯಬೇಕು. ನಳಿಗೆಯ ಒಳಮೈಯಲ್ಲಿ ಸುರುಳಿ ಗೀರುಗಳಿದ್ದರೆ ಅದು ರೈಫಲು, ನುಣುಪಾಗಿದ್ದರೆ ಚರೆಕೋವಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ತುಂಬುವ ಕೋವಿಯನ್ನು. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ ಮಾತ್ರ ಬೇರೆ ನುಣುಪು ನಳಿಗೆಯ ಕೋವಿಯನ್ನು. ಹೀಗಾಗಿ ಬೆಳೆ ರಕ್ಷಣೆಯ ಪರವಾನಗಿಯಲ್ಲಿ ಎಸ್‌ಬಿಎಂಎಲ್ (ಒಂಟಿನಳಿಗೆ, ಬಾಯಿಂದ ತುಂಬುವುದು) ಅಥವಾ ಎಸ್‌ಬಿಬಿಎಲ್ (ಒಂಟಿನಳಿಗೆ, ಹಿಂಬದಿಯಿಂದ ತುಂಬುವುದು) ಎಂದು ನಮೂದಾಗಿರುವ ಕೋವಿಯನ್ನು ಮನೆಯವರು ರೈಫಲು ಎಂದು ಕರೆದರೂ ಅದು ಚರೆಕೋವಿಯೇ. ಹೊರನೋಟ ಇನ್ನೂ ಹೆಚ್ಚು ಮೋಸ ಮಾಡುವ ಉದಾಹರಣೆಯೂ ಇದೆ. ಬ್ರಿಟಿಷರ ಕಾಲದಲ್ಲಿ ಇಶಾಪುರದ ಕಾರ್ಖಾನೆಯಲ್ಲಿ ಲೀ-ಎನ್‌ಫೀಲ್ಡ್ ರೈಫಲುಗಳನ್ನು .410 ಅಳತೆಯ, ಒಂದೇ ತೋಟಾ ತುಂಬುವ, ನುಣುಪು ನಳಿಗೆಯ ಮಸ್ಕೆಟ್‌ಗಳಾಗಿ ಮಾರ್ಪಡಿಸಲಾಯಿತು. ಮರದ ಹಿಡಿ, ಬೋಲ್ಟು ನೋಡಿ ರೈಫಲೆಂದು ತಿಳಿದು ಭಾಗ ಹುಡುಕಿದರೆ ಶ್ರಮವೆಲ್ಲ ವ್ಯರ್ಥ.

ಮಾದರಿಯ ಹೆಸರು ಗೊತ್ತಾದರೂ ಭಾಗ ಹೊಂದುತ್ತದೆಂಬ ಖಾತರಿಯಿಲ್ಲ. 1853ರ ಎನ್‌ಫೀಲ್ಡ್ ಕೋವಿಗಳನ್ನೇ ನೋಡಬಹುದು. ಎನ್‌ಫೀಲ್ಡಿನ ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರದಿಂದ ಮಾಡಿದವುಗಳ ಭಾಗಗಳು ಒಂದಕ್ಕೊಂದು ಹೊಂದುತ್ತವೆ. ಬರ್ಮಿಂಗ್‌ಹ್ಯಾಮಿನ ಕಸುಬುದಾರರು ಕೈಯಿಂದ ಹೊಂದಿಸಿದ ಅದೇ ಮಾದರಿಯ ಭಾಗಗಳು ಹೊಂದುವುದಿಲ್ಲ. 1866ರ ಸ್ನೈಡರ್ ಹುಟ್ಟಿದ್ದೇ ಈ ಎನ್‌ಫೀಲ್ಡ್ ಕೋವಿಯ ಹಿಂಬದಿ ಕತ್ತರಿಸಿ, ಪಕ್ಕಕ್ಕೆ ತೆರೆಯುವ ಮುಚ್ಚಳ ಕೂಡಿಸಿದಾಗ. ಆದ್ದರಿಂದ ಅದರ ಲಾಕಿನ ಭಾಗವೊಂದಕ್ಕೆ ಹಿಂದಿನ ತಲೆಮಾರಿನ ಕೋವಿಯಲ್ಲಿ ಜೋಡಿ ಸಿಗುವ ಸಂಭವವಿದೆ. 1871ರ ಮಾರ್ಟಿನಿ-ಹೆನ್ರಿ ಪೂರ್ತಿ ಬೇರೆ ಯಂತ್ರ: ಕೆಳಗಿನ ಸನ್ನೆ ಒತ್ತಿದರೆ ಬ್ಲಾಕು ಇಳಿಯುತ್ತದೆ, ಹೊಡೆಯುವ ಸೂಜಿಯೂ ಸುರುಳಿ ಸ್ಪ್ರಿಂಗೂ ಆ ಬ್ಲಾಕಿನೊಳಗೇ ಇರುತ್ತವೆ. 2003ರಲ್ಲಿ ಕಠ್ಮಂಡುವಿನ ಲಗನ್ ಸಿಲೆಖಾನಾ ಎಂಬ ಶಸ್ತ್ರಾಗಾರದಲ್ಲಿದ್ದ ಹಳೆಯ ಶಸ್ತ್ರಗಳನ್ನು ಅಮೆರಿಕದ ವ್ಯಾಪಾರಿಗಳು ಕೊಂಡ ಮೇಲೆ ಸ್ನೈಡರ್, ಮಾರ್ಟಿನಿ ಭಾಗಗಳು ಜಗತ್ತಿನ ಸಂಗ್ರಾಹಕರಿಗೆ ಸುಲಭವಾದವು. ಅದೇ ರಾಶಿಯಲ್ಲಿದ್ದ ನೇಪಾಳದ ಗಹೇಂದ್ರ ರೈಫಲು ಹೊರಗಿನಿಂದ ಮಾರ್ಟಿನಿಯಂತೆ ಕಂಡರೂ ಒಳಗಿನ ಯಂತ್ರ ಬೇರೆ, ಭಾಗಗಳು ಕೈಗೆಲಸದವು. ವಾಯವ್ಯ ಗಡಿಯಲ್ಲಿ ತಯಾರಾದ ನಕಲಿ ಮಾರ್ಟಿನಿಗಳಲ್ಲಿ ಮುದ್ರೆಯ ಅಕ್ಷರಗಳೇ ತಿರುಗುಮುರುಗಾಗಿರುವುದುಂಟು. ಹೆಸರು ಕೊಟ್ಟು ತರಿಸಿದ ಭಾಗಕ್ಕಿಂತ ಅಳತೆ, ಮುದ್ರೆ, ತಿರುಪಿನ ಹಲ್ಲು ತಾಳೆನೋಡಿ ಆರಿಸಿದ ಭಾಗವೇ ನಂಬಿಕೆಗೆ ಅರ್ಹ.

ಮಂಡ್ಯದ ಓದುಗನಿಗೆ ಆ ಜಾಗತಿಕ ಪೇಟೆ ನೇರವಾಗಿ ತೆರೆದಿಲ್ಲ. ಕಾಯ್ದೆಯ ಪ್ರಕಾರ ಕೋವಿಯ ಭಾಗಗಳೂ ಶಸ್ತ್ರವೇ; ವಿದೇಶದಿಂದ ತರಿಸಲು 10ನೇ ಕಲಮಿನ ಪರವಾನಗಿ ಬೇಕು. ದುರಸ್ತಿ, ಮಾರ್ಪಾಡು, ಪರೀಕ್ಷೆ ನಡೆಸುವವರಿಗೆ 5ನೇ ಕಲಮಿನ ಪರವಾನಗಿ ಇರಬೇಕು. ಹಾಗಾಗಿ ಊರಿನ ಲೇತ್ ಅಂಗಡಿಯಲ್ಲಿ ಕುದುರೆ ಮಾಡಿಸುವುದು, ಕುಲುಮೆಯಲ್ಲಿ ಸ್ಪ್ರಿಂಗು ಬಡಿಸುವುದು ಮಾಲೀಕ, ಕಸುಬುದಾರ ಇಬ್ಬರನ್ನೂ ಅಪರಾಧದ ಅಂಚಿಗೆ ತಳ್ಳುತ್ತದೆ. ಸಂಖ್ಯೆ, ಹೆಸರು, ಗುರುತಿನ ಮುದ್ರೆ ಅಳಿಸುವುದನ್ನು 8ನೇ ಕಲಂ ನಿಷೇಧಿಸುತ್ತದೆ. ಚರಿತ್ರೆಕಾರ ಬೇಡವೆನ್ನುವ ಉಜ್ಜಾಟವನ್ನು ಕಾನೂನೂ ಬೇಡವೆನ್ನುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು 45ನೇ ಕಲಂ. ಬಳಕೆ ತಪ್ಪಿದ ಮಾದರಿಯ, ಪ್ರಾಚ್ಯಮೌಲ್ಯದ ಅಥವಾ ಕೆಟ್ಟುಹೋದ ಆಯುಧ, ದುರಸ್ತಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಬಾರದಂತಿದ್ದರೆ ಮಾತ್ರ ಅದಕ್ಕೆ ವಿನಾಯಿತಿ. ಅಂದರೆ ಕೋವಿ ಹಳೆಯದೆಂಬ ಒಂದೇ ಕಾರಣಕ್ಕೆ ಪರವಾನಗಿ ಬೇಡವೆನ್ನಲಾಗದು, ವಿನಾಯಿತಿಯುಳ್ಳ ಕೋವಿಯನ್ನು ಹಾರುವ ಸ್ಥಿತಿಗೆ ತಂದರೆ ಆ ವಿನಾಯಿತಿಯೂ ಹೋಗುತ್ತದೆ.

ಲೋಹದ ಸಾಕ್ಷ್ಯವೂ ಇದೇ ಕಡೆ ವಾಲುತ್ತದೆ. ಕರಿಮದ್ದು ಸುಟ್ಟಾಗ ಉಳಿಯುವ ಲವಣ ತೇವ ಹೀರುತ್ತದೆ. ಹಳೆಯ ಕೇಪುಗಳ ಕ್ಲೋರೇಟು ಉಪ್ಪಿನಂಥ ಶೇಷ ಬಿಡುತ್ತದೆ. ತೊಳೆಯದೆ ಬಿಟ್ಟ ನಳಿಗೆಯ ಒಳಗೆ ತುಕ್ಕು ಕುಳಿ ಕೊರೆಯುತ್ತದೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು, ಸುತ್ತಿ, ಬಡಿದು ಬೆಸೆದ ಡಮಾಸ್ಕಸ್ ನಳಿಗೆಯಲ್ಲಂತೂ ಬೆಸುಗೆಯ ಸಂದಿನಲ್ಲಿ ಅಡಗಿದ ತುಕ್ಕು ಹೊರಗೆ ಕಾಣುವುದೇ ಇಲ್ಲ. ಇಂಥ ನಳಿಗೆಗೆ ಹೊಸ ಕುದುರೆ, ಹೊಸ ಸ್ಪ್ರಿಂಗು ಹಾಕಿ ಇಂದಿನ ತೋಟಾ ತುಂಬಿದರೆ ಸಿಡಿಯುವುದು ನಳಿಗೆ, ಹಾನಿ ಹಾರಿಸಿದವನಿಗೆ. ಸಂರಕ್ಷಣೆಗೆ ಬೇಕಾದ ಕೆಲಸ ಸರಳ: ಒಳಗೆ ಗುಂಡು, ಮದ್ದು ಉಳಿದಿಲ್ಲವೆಂದು ತಿಳಿದವರಿಂದ ಖಚಿತಪಡಿಸಿಕೊಳ್ಳುವುದು, ಕಳಚುವ ಮುನ್ನ ಫೋಟೊ ತೆಗೆಯುವುದು, ಹರಡುತ್ತಿರುವ ಕೆಂಪು ತುಕ್ಕನ್ನು ಎಣ್ಣೆ ಹಾಕಿ ಮೆತ್ತಗೆ ತೆಗೆಯುವುದು, ನೆಲೆಗೊಂಡ ಕಂದುಬಣ್ಣವನ್ನು ಹಾಗೇ ಬಿಡುವುದು, ಒಣಗಿದ ಮೇಲೆ ತೆಳುವಾಗಿ ಮೇಣ ಸವರುವುದು. ಆಯುಧಪೂಜೆಗೆಂದು ಹಿತ್ತಾಳೆ ಬೆಳಗುವ ಹುಣಸೆಹುಳಿಯಿಂದಲೇ ಕೋವಿಯನ್ನೂ ತಿಕ್ಕಿದರೆ ಆಮ್ಲ ಕಬ್ಬಿಣವನ್ನು ತಿನ್ನುತ್ತದೆ. ಚುನಾವಣೆಯ ಸಮಯದಲ್ಲಿ ಠಾಣೆಯಲ್ಲಿ ಠೇವಣಿ ಇಡುವಾಗ ಎಣ್ಣೆ ಸವರಿ ಕೊಟ್ಟರೆ ತುಕ್ಕಿನ ಕಾಟ ತಗ್ಗುತ್ತದೆ.

ಹಾರದ ಕೋವಿ ಕೋವಿಯೇ ಅಲ್ಲ ಎಂಬ ಆಕ್ಷೇಪವಿದೆ. ಯಂತ್ರದ ಅರ್ಥ ಅದರ ಚಲನೆಯಲ್ಲಿದೆ ಎಂಬುದು ನಿಜ. ಆದರೆ ಕುದುರೆ, ಲಾಕು, ಬ್ಲಾಕು ಚಲಿಸುವುದನ್ನು ಅರಿಯಲು ಮದ್ದು ಸುಡಬೇಕಿಲ್ಲ. ಚಿತ್ರ, ಅಳತೆ, ಪ್ರತಿಕೃತಿ ಸಾಕು. ರೈತನಿಗೆ ಕಾಡುಹಂದಿಯಿಂದ ಬೆಳೆ ಕಾಯುವ ಕೋವಿ ಬೇಕಲ್ಲ ಎಂಬ ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಕಾವೇರಿ ವನ್ಯಜೀವಿಧಾಮದ ಅಂಚಿನ ಮಳವಳ್ಳಿಯ ಹಳ್ಳಿಗಳಿಗೆ ಅದು ನಿತ್ಯದ ಪ್ರಶ್ನೆ. ಅಲ್ಲಿಯೂ ಸವೆದ ಪುರಾತನ ನಳಿಗೆ ತಕ್ಕ ಸಾಧನವಲ್ಲ: ಬೆಳೆ ಕಾಯಲು ಪರೀಕ್ಷೆಗೆ ಒಳಪಟ್ಟ ಹೊಸ ಕೋವಿಗೆ ಪರವಾನಗಿ ಕೋರುವುದೇ ಸುರಕ್ಷಿತ. ವನ್ಯಜೀವಿ ಕಾಯ್ದೆಯ 34ನೇ ಕಲಂ ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗಿನ ಪರವಾನಗಿದಾರರು ಹೆಸರು ನೋಂದಾಯಿಸಬೇಕೆನ್ನುತ್ತದೆ; ಪರವಾನಗಿ ಕೈಯಲ್ಲಿದ್ದರೂ ಬೇಟೆಗೆ ಅನುಮತಿಯಿಲ್ಲ. ಮೂರನೆಯ ಆಕ್ಷೇಪ, ಕುಂದಿದ ಭಾಗ ತುಂಬದಿದ್ದರೆ ವಸ್ತು ಅಪೂರ್ಣವೆಂಬುದು. ಹಿಡಿ ಸೀಳಿ ಇನ್ನಷ್ಟು ಒಡೆಯುವಂತಿದ್ದರೆ ಮರ ಕೂಡಿಸಬೇಕು. ಆದರೆ ಹೊಸತೆಂದು ಗೊತ್ತಾಗುವಂತೆ, ಮತ್ತೆ ಬಿಡಿಸಲು ಬರುವಂತೆ, ದಿನಾಂಕ ಬರೆದಿಟ್ಟು. ಹಳೆಯದರಂತೆ ಕಾಣಲೆಂದು ಬಣ್ಣ ಕಟ್ಟಿದ ಹೊಸ ಭಾಗ ಮುಂದಿನ ಸಂಶೋಧಕನಿಗೆ ಸುಳ್ಳು ಹೇಳುತ್ತದೆ.

ಹಳೆಯದನ್ನು ಬಿಚ್ಚದೆ, ಬದಲಿಸದೆ ಉಳಿಸಬಹುದೆಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಪುರಾವೆಯಿದೆ. ಜೋಡಿ ರೈಲುಮಾರ್ಗಕ್ಕೆ ಅಡ್ಡವಾಗಿದ್ದ ಶ್ರೀರಂಗಪಟ್ಟಣದ ಟಿಪ್ಪು ಕಾಲದ ಮದ್ದಿನಮನೆಯನ್ನು 2017ರಲ್ಲಿ ಕೆಡವದೆ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಲಾಯಿತು. ಮನೆಯಲ್ಲಿ ಹಳೆಯ ಕೋವಿ ಇರುವವರು ಮೊದಲು ಪರವಾನಗಿ ಪುಸ್ತಕದೊಂದಿಗೆ ಅದರ ಸಂಖ್ಯೆ, ಮುದ್ರೆ ತಾಳೆನೋಡಬೇಕು. ವಾರಸುದಾರರು ಪರವಾನಗಿ ವರ್ಗಾವಣೆಗೆ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿಯಿಂದಾಗಿ ವಾರಸಿನಿಂದ ಬಂದದ್ದೂ ಸೇರಿ ಒಬ್ಬರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ದುರಸ್ತಿ ಬೇಕಾದಲ್ಲಿ ಪರವಾನಗಿಯುಳ್ಳ ಬಂದೂಕು ಅಂಗಡಿಯ ಮೂಲಕವೇ ಮಾಡಿಸಬೇಕು. ನೂರು ವರ್ಷ ದಾಟಿದ ಕೋವಿಯ ಒಂದು ತಿರುಪು ಬಿಚ್ಚುವ ಮೊದಲೂ ವಸ್ತುಸಂಗ್ರಹಾಲಯದ ತಜ್ಞರನ್ನು ಕೇಳುವುದು ಒಳ್ಳೆಯದು.