ಕ್ಯಾಮೆರಾದ ಬಾಲಂಗೋಚಿ

ಹಳೇ ಫಿಲ್ಮ್ ಕ್ಯಾಮೆರಾ ಇರಲಿ, ಹೊಸ ಮಿರರ್‌ಲೆಸ್ ಇರಲಿ, ಶಟರ್ ವೇಗದ ಅಂಕಿಗಳೆಲ್ಲ ಮುಗಿದ ಮೇಲೆ ಒಂದು ಮೂಲೆಯಲ್ಲಿ ‘ಬಿ’ ಎಂಬ ಗುರುತು ಸಿಗುತ್ತದೆ. ಅಲ್ಲಿಗೆ ತಿರುಗಿಸಿಟ್ಟರೆ ಗುಂಡಿ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದೇ ಇರುತ್ತದೆ. ಬಿ ಅಂದರೆ ಬಲ್ಬ್. ಬಲ್ಬ್ ಅಂದರೆ ಫ್ಲ್ಯಾಶ್ ಬಲ್ಬು ಎಂದುಕೊಂಡವರೇ ಹೆಚ್ಚು. ಅದು ದೀಪವೇ ಅಲ್ಲ, ರಬ್ಬರಿನ ಉಂಡೆ. ಹಳೇ ಆಟೋರಿಕ್ಷಾಗಳ ಪೋಂ ಪೋಂ ಹಾರ್ನಿನ ಹಿಂದೆ ಇರುತ್ತಿತ್ತಲ್ಲ, ಅದರ ಚಿಕ್ಕ ತಮ್ಮ.

ಛಾಯಾಗ್ರಹಣ ಹುಟ್ಟಿದ ಮೊದಲ ಕೆಲವು ದಶಕ ಶಟರ್ ಎಂಬುದೇ ಬೇಕಿರಲಿಲ್ಲ. ಪ್ಲೇಟುಗಳು ಅಷ್ಟು ನಿಧಾನ. ಮಸೂರದ ಮುಚ್ಚಳ ತೆಗೆದು, ಒಂದು ಎರಡು ಮೂರು ಎಂದು ಎಣಿಸಿ, ಮತ್ತೆ ಮುಚ್ಚಿದರೆ ಮುಗಿಯಿತು. ಕೈಯೇ ಶಟರ್, ಬಾಯೇ ಗಡಿಯಾರ. 1870ರ ದಶಕದ ಕೊನೆಗೆ ಜೆಲಟಿನ್ ಲೇಪದ ಒಣ ಪ್ಲೇಟುಗಳು ಅಂಗಡಿಗೆ ಬಂದವು. ಸೆಕೆಂಡಿನ ಒಂದು ತುಣುಕು ಬೆಳಕೇ ಅವಕ್ಕೆ ಸಾಕಾಗಿ, ಮುಚ್ಚಳ ತೆಗೆದು ಹಾಕುವ ಕೈ ಸೋತಿತು. ಆಗ ಬಂದದ್ದು ಯಾಂತ್ರಿಕ ಶಟರ್, ಅದರ ಬೆನ್ನಿಗೇ ಉದ್ದನೆಯ ರಬ್ಬರ್ ಕೊಳವೆ, ಕೊಳವೆಯ ತುದಿಗೆ ಉಂಡೆ. ಉಂಡೆ ಹಿಸುಕಿದರೆ ಗಾಳಿ ಓಡಿ ಶಟರನ್ನು ತಳ್ಳುತ್ತದೆ, ಕ್ಯಾಮೆರಾ ಅಲುಗುವುದಿಲ್ಲ. ಇನ್ನೂ ದೊಡ್ಡ ಲಾಭವೆಂದರೆ ತೆಗೆಯುವವನು ಕರಿಬಟ್ಟೆಯ ಹಿಂದಿನಿಂದ ಹೊರಬಂದು ತಾನೂ ಚಿತ್ರದೊಳಗೆ ನಿಲ್ಲಬಹುದಾಯಿತು. ಆ ಕಾಲದ ಕೆಲವು ಕುಟುಂಬಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಒಬ್ಬರ ಮುಷ್ಟಿ ಮಾತ್ರ ಬಿಗಿಯಾಗಿರುತ್ತದೆ, ಕಾಲ ಬಳಿ ನೆಲದ ಮೇಲೆ ಹಾವಿನಂತೆ ಕೊಳವೆ ಮಲಗಿರುತ್ತದೆ.

1896ರಲ್ಲಿ ಇಂಗ್ಲೆಂಡಿನಲ್ಲಿ ಅರ್ನೆಸ್ಟ್ ಬೌಡೆನ್ ಕೊಳವೆಯೊಳಗೆ ಓಡಾಡುವ ತಂತಿಗೆ ಪೇಟೆಂಟ್ ಪಡೆದ. ಸೈಕಲ್ ಬ್ರೇಕಿಗೆ ಹೋದ ಆ ತಂತಿ ಕ್ಯಾಮೆರಾಕ್ಕೂ ಬಂದು ಕೇಬಲ್ ರಿಲೀಸ್ ಆಯಿತು. ರಬ್ಬರ್ ಒಣಗಿ ಬಿರುಕು ಬಿಡುತ್ತಿತ್ತು, ತಂತಿಗೆ ಆ ಕಾಟವಿಲ್ಲ. ಉಂಡೆ ಕಾಲಕ್ರಮೇಣ ಮರೆಗೆ ಸರಿಯಿತು, ಹೆಸರು ಡಯಲಿನ ಮೇಲೆ ಉಳಿಯಿತು.

ಕ್ಯಾಮೆರಾವನ್ನು ದೂರದಿಂದ ಆಡಿಸುವ ಚಟ ಹವ್ಯಾಸಿಗಳಿಗೆ ಹತ್ತಿದ್ದು ಹೀಗೆ. ಆ ಚಟ ಎಲ್ಲಿಯವರೆಗೆ ಹೋಗಬಹುದೆಂಬುದಕ್ಕೆ ಜರ್ಮನಿಯ ಫ್ರಾಂಕ್‌ಫರ್ಟ್ ಬಳಿಯ ಕ್ರೋನ್‌ಬರ್ಗ್ ಊರಿನ ಔಷಧ ವ್ಯಾಪಾರಿ ಯೂಲಿಯುಸ್ ನಾಯ್‌ಬ್ರೋನರ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಪಕ್ಕದ ಊರಿನ ಆರೋಗ್ಯಧಾಮದಿಂದ ವೈದ್ಯರ ಚೀಟಿಗಳು ಅವನಿಗೆ ಪಾರಿವಾಳದ ಮೂಲಕ ಬರುತ್ತಿದ್ದವು, ತುರ್ತಿದ್ದರೆ ಔಷಧವೂ ಪಾರಿವಾಳದ ಬೆನ್ನೇರಿ ಹೋಗುತ್ತಿತ್ತು. ಒಮ್ಮೆ ಮಂಜಿನಲ್ಲಿ ದಾರಿ ತಪ್ಪಿದ ಹಕ್ಕಿಯೊಂದು ನಾಲ್ಕು ವಾರದ ಮೇಲೆ ಮನೆಗೆ ಬಂತು, ಅದೂ ಚೆನ್ನಾಗಿ ಮೇದು ದುಂಡಗಾಗಿ. ಇಷ್ಟು ದಿನ ಎಲ್ಲಿತ್ತು ಮಹಾರಾಯ? ನಾಯ್‌ಬ್ರೋನರ್ ಕ್ಯಾಮೆರಾ ಹುಚ್ಚಿನವನು. ಹಕ್ಕಿಯೇ ತನ್ನ ದಾರಿಯ ಚಿತ್ರ ತೆಗೆದು ತರಲಿ ಎಂದು ಹೊರಟ.

ಪಾರಿವಾಳ ಹೊರಬಲ್ಲದ್ದು 75 ಗ್ರಾಮಿನಷ್ಟು. ಆ ತೂಕದೊಳಗೆ ಕ್ಯಾಮೆರಾ, ಪಟ್ಟಿ, ಜೊತೆಗೆ ತಾನಾಗಿ ಬಿಡುವ ಶಟರ್. ಅವನು ಕಂಡುಕೊಂಡ ಉಪಾಯದಲ್ಲೂ ಅದೇ ಗಾಳಿ. ಹಾರಿಸುವ ಮುನ್ನ ಕ್ಯಾಮೆರಾದ ಪುಟ್ಟ ಕೋಣೆಯೊಳಗೆ ರಬ್ಬರ್ ಉಂಡೆಯಿಂದ ಗಾಳಿ ತುಂಬಬೇಕು. ಸೂಜಿಮೊನೆಯಂಥ ಸಂದಿಯಲ್ಲಿ ಅದು ಮೆಲ್ಲಗೆ ಸೋರುತ್ತಿದ್ದಂತೆ ಕೊಂತವೊಂದು ಸರಿಯುತ್ತ ಬಂದು ಶಟರನ್ನು ಬಿಡಿಸುತ್ತದೆ. 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದಾಗ ಇದು ಆಗದ ಮಾತು ಎಂದು ಕಚೇರಿ ತಿರಸ್ಕರಿಸಿತು. ಅವನು ಹಕ್ಕಿ ತೆಗೆದ ಚಿತ್ರಗಳನ್ನೇ ಮುಂದಿಟ್ಟ. 1908ರ ಡಿಸೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಮರುವರ್ಷ ಡ್ರೆಸ್ಡೆನ್ ಪ್ರದರ್ಶನದಲ್ಲಿ ಪಾರಿವಾಳಗಳು ತೆಗೆದ ಚಿತ್ರಗಳು ಪೋಸ್ಟ್‌ಕಾರ್ಡುಗಳಾಗಿ ಮಾರಾಟವಾದವು. ಅವುಗಳಲ್ಲಿ ಪ್ರಸಿದ್ಧವಾದ ಒಂದರಲ್ಲಿ ಕ್ರೋನ್‌ಬರ್ಗಿನ ಅರಮನೆ ಕೆಳಗೆ ಹರಡಿಕೊಂಡಿದೆ, ಚೌಕಟ್ಟಿನ ಎಡಬಲದಲ್ಲಿ ಪಾರಿವಾಳದ ರೆಕ್ಕೆತುದಿಗಳು ಮಸುಕಾಗಿ ಇಣುಕಿವೆ.

ಅದೇ ಹೊತ್ತಿಗೆ ಅಮೆರಿಕದಲ್ಲಿ ಜಾರ್ಜ್ ಶಿರಾಸ್ ಎಂಬ ವಕೀಲ ಕೋವಿ ಕೆಳಗಿಟ್ಟು ಕ್ಯಾಮೆರಾ ಹಿಡಿದಿದ್ದ. ಮಿಷಿಗನ್ನಿನ ಕಾಡಿನಲ್ಲಿ ಪ್ರಾಣಿಗಳ ದಾರಿಗೆ ಅಡ್ಡಲಾಗಿ ಹುರಿ ಕಟ್ಟುವುದು, ಹುರಿಯ ತುದಿಗೆ ಶಟರ್, ಜೊತೆಗೆ ಮೆಗ್ನೀಸಿಯಂ ಪುಡಿ. ಜಿಂಕೆ ಹುರಿ ತಾಕಿದರೆ ತನ್ನ ಚಿತ್ರ ತಾನೇ ತೆಗೆದುಕೊಂಡಂತೆ. 1906ರ ಜುಲೈ ಸಂಚಿಕೆಯಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಅವನ 74 ಚಿತ್ರಗಳನ್ನು ಅಚ್ಚುಹಾಕಿತು. ಪತ್ರಿಕೆ ಚಿತ್ರಪುಸ್ತಕವಾಗಿ ಹೋಯಿತು ಎಂದು ಮುನಿದು ಇಬ್ಬರು ನಿರ್ದೇಶಕರು ರಾಜೀನಾಮೆ ಕೊಟ್ಟರು.

ಭಾರತದಲ್ಲಿ ಈ ಹುರಿ ಹಿಡಿದವನು ಎಫ್. ಡಬ್ಲ್ಯು. ಚಾಂಪಿಯನ್. ಸಂಯುಕ್ತ ಪ್ರಾಂತ್ಯದ ಅರಣ್ಯಾಧಿಕಾರಿ, ಶಿಕಾರಿಯ ಕಾಲದಲ್ಲಿ ಶಿಕಾರಿ ಒಲ್ಲದ ಅಪರೂಪದ ಮನುಷ್ಯ. ಅವನ ತಂತಿ ಎಡವಿದ ಹುಲಿಗಳ ರಾತ್ರಿಚಿತ್ರಗಳು 1925ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂದವು, 1927ರಲ್ಲಿ ಪುಸ್ತಕವೂ ಆಯಿತು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ, ಚಿತ್ರ ನೋಡಿ ಹುಲಿಯನ್ನು ಗುರುತು ಹಿಡಿಯಬಹುದು ಎಂಬುದನ್ನು ಅವನು ಆಗಲೇ ಕಂಡಿದ್ದ. 1990ರ ದಶಕದಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ತಂತಿಯ ಬದಲು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣ ಅಡ್ಡ ಹಾಯಿಸಿ, ಅದೇ ಪಟ್ಟೆಗಳ ಲೆಕ್ಕದಿಂದ ಹುಲಿಗಳ ಸಂಖ್ಯೆ ಅಂದಾಜಿಸುವ ವಿಧಾನ ರೂಪಿಸಿ 1995ರಲ್ಲಿ ಪ್ರಕಟಿಸಿದರು. ಹುಲಿಯ ಎಡಮಗ್ಗುಲ ಪಟ್ಟೆ ಬಲಮಗ್ಗುಲಿಗೆ ಹೋಲುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. 2018ರ ಅಖಿಲ ಭಾರತ ಹುಲಿ ಗಣತಿಯ ಹೊತ್ತಿಗೆ ಇಂಥ ಕ್ಯಾಮೆರಾಗಳು 26,838 ಜಾಗಗಳಲ್ಲಿ ಕಾದು ಕೂತು ಸುಮಾರು 3 ಕೋಟಿ 48 ಲಕ್ಷ ಚಿತ್ರ ತೆಗೆದಿದ್ದವು. ಹುಲಿ ಸಿಕ್ಕಿದ್ದು 76,651ರಲ್ಲಿ. ಒಬ್ಬ ವಕೀಲನ ಹವ್ಯಾಸ ಎಲ್ಲಿಗೆ ಬಂದು ಮುಟ್ಟಿತು ನೋಡಿ.

ಇಲ್ಲಿಯವರೆಗಿನ ಬಾಲಂಗೋಚಿಗಳೆಲ್ಲ ಮಾಡಿದ್ದು ಒಂದೇ ಕೆಲಸ, ಕೈಯನ್ನು ಉದ್ದ ಮಾಡಿದ್ದು. ಎಲ್ಲಿ ಹುರಿ ಕಟ್ಟಬೇಕು, ಹುಲಿ ಯಾವ ಹೊತ್ತಿಗೆ ಬಂದೀತು, ಪಾರಿವಾಳವನ್ನು ಎಲ್ಲಿಂದ ಬಿಟ್ಟರೆ ಎಷ್ಟು ನಿಮಿಷಕ್ಕೆ ಅರಮನೆಯ ಮೇಲಿರುತ್ತದೆ ಎಂಬ ಲೆಕ್ಕ ಮನುಷ್ಯನದ್ದೇ ಆಗಿತ್ತು. ತಕರಾರು ಶುರುವಾಗುವುದು ಉಪಕರಣ ಆ ಲೆಕ್ಕಕ್ಕೇ ಕೈ ಹಾಕಿದಾಗ.

ಆದರೆ ಅಲ್ಲೂ ಮೊದಲು ಬಂದವು ಸಭ್ಯವಾಗಿದ್ದವು. ಇಂಗ್ಲೆಂಡಿನ ಹೆರೆಫರ್ಡಿನ ಆಲ್‌ಫ್ರೆಡ್ ವಾಟ್ಕಿನ್ಸ್ 1890ರಲ್ಲಿ ಬೆಳಕು ಅಳೆಯುವ ಮೀಟರಿಗೆ ಪೇಟೆಂಟ್ ಮಾಡಿಸಿದ. ಮುಂದೆ ಅವನದೇ ‘ಬೀ ಮೀಟರ್’ ಜೇಬುಗಡಿಯಾರದಷ್ಟೇ ಚಿಕ್ಕದಾಗಿ ಬಂತು. ಮುಖದ ಮೇಲೊಂದು ಕಿಂಡಿ, ಅದರ ಹಿಂದೆ ಬೆಳಕಿಗೆ ಕಪ್ಪಾಗುವ ಕಾಗದದ ಚೂರು, ಪಕ್ಕದಲ್ಲೇ ಹೋಲಿಸಲು ಒಂದು ಬಣ್ಣದ ಪಟ್ಟಿ. ಚಿತ್ರ ತೆಗೆಯುವ ಜಾಗದ ಬೆಳಕಿಗೆ ಹಿಡಿದು, ಕಾಗದ ಆ ಬಣ್ಣಕ್ಕೆ ತಿರುಗಲು ಎಷ್ಟು ಸೆಕೆಂಡಾಯಿತೆಂದು ಎಣಿಸಿ, ಬಿಲ್ಲೆ ತಿರುಗಿಸಿದರೆ ಉತ್ತರ. ಈ ಮೀಟರ್ ಹಿಡಿದವನು ಮೋಡ ಸರಿಯುವುದನ್ನು, ನೆರಳು ತಿಳಿಯಾಗುವುದನ್ನು ನೋಡುತ್ತ ನಿಲ್ಲಲೇಬೇಕಿತ್ತು. ನೂರು ಸಲ ಹಾಗೆ ನಿಂತವನಿಗೆ ನೂರಾ ಒಂದನೆಯ ಸಲ ಕಾಗದ ಕಪ್ಪಾಗುವ ಮೊದಲೇ ಉತ್ತರ ಹೊಳೆಯುತ್ತಿರಬೇಕು. ವಾಟ್ಕಿನ್ಸನನ್ನು ಇಂದು ಜಗತ್ತು ನೆನೆಯುವುದು ಬೇರೊಂದಕ್ಕೆ. ಪುರಾತನ ಸ್ಮಾರಕಗಳೆಲ್ಲ ನೆಟ್ಟನೆ ಗೆರೆಗಳ ಮೇಲಿವೆ ಎಂಬ ವಾದ ಹೂಡಿ 1925ರಲ್ಲಿ ಅವನು ಬರೆದ ಪುಸ್ತಕಕ್ಕೆ. ಪಂಡಿತರು ಅದನ್ನು ಒಪ್ಪಲಿಲ್ಲ. ಮೀಟರನ್ನು ಮಾತ್ರ ಛಾಯಾಗ್ರಾಹಕರು ಜೇಬಿಗಿಳಿಸಿದರು.

1932ರಲ್ಲಿ ವೆಸ್ಟನ್ ಕಂಪನಿಯ ಮೀಟರ್ ಬಂದು ಕಾಯುವ ಕೆಲಸ ತಪ್ಪಿಸಿತು. ಸೆಲೆನಿಯಂ ಕೋಶದ ಮೇಲೆ ಬೆಳಕು ಬಿದ್ದರೆ ಮುಳ್ಳು ತಾನಾಗಿ ಏಳುತ್ತದೆ, ಬ್ಯಾಟರಿಯೂ ಬೇಡ. ಇಂಥದ್ದೊಂದು ವೆಸ್ಟನ್ ಮೀಟರ್ ಕೈಗೆ ಸಿಗದೇ ಹೋದದ್ದರಿಂದಲೇ ಒಂದು ಕಥೆ ಹುಟ್ಟಿತು. 1941ರ ಶರತ್ಕಾಲದ ಒಂದು ಸಂಜೆ ನ್ಯೂ ಮೆಕ್ಸಿಕೊದ ಹರ್ನಾಂಡೆಸ್ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದ ಆನ್ಸೆಲ್ ಆಡಮ್ಸ್‌ಗೆ ಸ್ಮಶಾನದ ಬಿಳಿ ಶಿಲುಬೆಗಳು, ಅವುಗಳ ಮೇಲೆ ಏಳುತ್ತಿರುವ ಚಂದ್ರ ಕಂಡವು. ಗಾಡಿ ನಿಲ್ಲಿಸಿ, 8×10 ಇಂಚಿನ ದೈತ್ಯ ಕ್ಯಾಮೆರಾ ನಿಲ್ಲಿಸಿದ್ದಾಯಿತು. ಮೀಟರ್ ಎಲ್ಲಿ? ಸಾಮಾನೆಲ್ಲ ಕೆದರಿದರೂ ಇಲ್ಲ. ಶಿಲುಬೆಗಳ ಮೇಲಿನ ಬಿಸಿಲು ಆಗಲೋ ಈಗಲೋ ಎನ್ನುತ್ತಿದೆ. ಆಗ ನೆನಪಾದದ್ದು ಚಂದ್ರನ ಕಾಂತಿ: ಚದರ ಅಡಿಗೆ 250 ಕ್ಯಾಂಡಲ್. ಆ ಒಂದು ಅಂಕಿಯಿಂದ ಉಳಿದ ಲೆಕ್ಕವನ್ನು ತಲೆಯಲ್ಲೇ ಮಾಡಿ ಶಟರ್ ಬಿಟ್ಟರು. ಎರಡನೆಯ ಚಿತ್ರಕ್ಕೆ ಸಿದ್ಧವಾಗುವಷ್ಟರಲ್ಲಿ ಬಿಸಿಲು ಹೋಗಿತ್ತು. ‘ಮೂನ್‌ರೈಸ್’ ಹೀಗೆ ಒಂದೇ ಏಟಿನ ಚಿತ್ರ. ಮೀಟರ್ ಬೇಡವೆಂಬುದಕ್ಕೆ ಇದನ್ನು ಸಾಕ್ಷಿ ಹೇಳುವವರಿದ್ದಾರೆ, ಅದು ಅರ್ಧ ಮಾತು. ವರ್ಷಗಟ್ಟಲೆ ಮೀಟರ್ ಹಿಡಿದು ಬೆಳಕಿಗೂ ಅಂಕಿಗೂ ಗಂಟು ಹಾಕಿಕೊಂಡವರಿಗೆ ಮಾತ್ರ ಆ 250 ಉಪಯೋಗಕ್ಕೆ ಬಂದೀತು.

ನಮ್ಮ ಮನೆಗಳಿಗೆ ಬಂದ ಕ್ಯಾಮೆರಾಗಳಿಗೆ ಮೀಟರಿನ ಭಾಗ್ಯ ಇರಲಿಲ್ಲ. ಆಗ್ಫಾ ಕ್ಲಿಕ್ 3 ಎಂದರೆ ಒಂದು ತಲೆಮಾರಿನ ಕಣ್ಣು ಈಗಲೂ ಅರಳುತ್ತದೆ. 120 ರೋಲಿಗೆ 12 ಚಿತ್ರ, ಮಸೂರದ ಸುತ್ತ ಪುಟ್ಟ ಸೂರ್ಯ, ಪುಟ್ಟ ಮೋಡ. ಬಿಸಿಲಿದ್ದರೆ ಸೂರ್ಯ, ಇಲ್ಲದಿದ್ದರೆ ಮೋಡ, ಅಷ್ಟೇ ವಿದ್ಯೆ. ಇನ್ನೂ ಸ್ವಲ್ಪ ಕಲಿಯಬೇಕೆನ್ನುವವರು ಫಿಲ್ಮ್ ಡಬ್ಬಿಯ ಒಳಗಿನ ಚೀಟಿ ಬಿಡಿಸಿ ನೋಡುತ್ತಿದ್ದರು. ಅಲ್ಲೂ ಅದೇ ಸೂರ್ಯ, ಅದೇ ಮೋಡ, ಪಕ್ಕದಲ್ಲಿ ಅಂಕಿ.

ಆ ಚೀಟಿಗೆ ಜಪಾನಿನಲ್ಲಿ ಬುದ್ಧಿ ಬಂತು. 1988ರಲ್ಲಿ ಮಿನೋಲ್ಟಾ ತನ್ನ 7000ಐ ಕ್ಯಾಮೆರಾದ ಪಕ್ಕದಲ್ಲೊಂದು ಸಂದು ಕೊರೆದು, ಅದರೊಳಗೆ ತೂರಿಸುವ ಚಿಪ್ಪಿನ ಕಾರ್ಡುಗಳನ್ನು ಬಿಡಿಬಿಡಿಯಾಗಿ ಮಾರತೊಡಗಿತು. ಆಟೋಟಕ್ಕೊಂದು ಕಾರ್ಡು, ಭಾವಚಿತ್ರಕ್ಕೊಂದು, ಹತ್ತಿರದ ಚಿತ್ರಕ್ಕೊಂದು. ಒಂದು ಹೊತ್ತಿಗೆ ಒಂದೇ ಹಿಡಿಸುತ್ತದೆ. ಮಗು ಓಡುತ್ತಿದ್ದರೆ ಆಟದ ಕಾರ್ಡು, ಓಡುವುದು ಬಿಟ್ಟು ನಕ್ಕರೆ ಅದನ್ನು ಕಿತ್ತು ಭಾವಚಿತ್ರದ್ದು. ಅಷ್ಟರಲ್ಲಿ ನಗು ಉಳಿದಿದ್ದರೆ ಪುಣ್ಯ.

ಎರಡೇ ವರ್ಷಕ್ಕೆ ಕ್ಯಾನನ್ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. 1990ರ ಇಓಎಸ್ 10 ಕ್ಯಾಮೆರಾದ ಪರಿಕರಗಳಲ್ಲಿ ಪೆನ್ನಿನಂಥ ಬಾರ್‌ಕೋಡ್ ಓದುಗ ಮತ್ತು ಒಂದು ಪುಸ್ತಕ. ಪುಸ್ತಕದ ತುಂಬ ಮಾದರಿ ಚಿತ್ರಗಳು, ಪ್ರತಿಯೊಂದರ ಜೊತೆ ಕಪ್ಪುಬಿಳಿ ಗೆರೆಗಳ ಸಾಲು. ತನಗೆ ಬೇಕಾದ್ದಕ್ಕೆ ಹತ್ತಿರವಾದ ಚಿತ್ರ ಹುಡುಕಿ, ಗೆರೆಗಳ ಮೇಲೆ ಓದುಗವನ್ನು ಎಳೆದು, ಕ್ಯಾಮೆರಾಕ್ಕೆ ಹಿಡಿದರೆ ಆ ಚಿತ್ರದ ಸೆಟ್ಟಿಂಗ್‌ಗಳೆಲ್ಲ ಒಳಗೆ ಇಳಿಯುತ್ತಿದ್ದವು. ದರ್ಶಿನಿಯ ಗೋಡೆಯ ಮೇಲಿನ ಪಟ್ಟಿ ನೋಡಿ ಖಾಲಿ ದೋಸೆ ಹೇಳಿದಂತೆ. ಜಾಣ ಉಪಾಯ, ಆದರೆ ಮಾದರಿ ಚಿತ್ರದ ಬೆಳಕು ಎದುರಿಗಿನ ಬೆಳಕಲ್ಲ. ಜಲಪಾತದ ಮುಂದೆ ನಿಂತವನು ಜಲಪಾತ ಬಿಟ್ಟು ಪುಟ ತಿರುವುತ್ತ ನಿಲ್ಲುವುದು ಬೇರೆ. ಕಾರ್ಡು, ಬಾರ್‌ಕೋಡು ಎರಡೂ ಆ ದಶಕ ದಾಟಿ ಹೆಚ್ಚು ದೂರ ಬರಲಿಲ್ಲ. ಅವುಗಳಲ್ಲಿ ಗಟ್ಟಿಯಿದ್ದದ್ದು ಕ್ಯಾಮೆರಾದ ಡಯಲಿನ ಮೇಲೆ ಓಡುವ ಮನುಷ್ಯ, ಹೂವು, ಬೆಟ್ಟದ ಗುರುತುಗಳಾಗಿ ಕೂತಿತು.

ಆಮೇಲೆ ಬಂದದ್ದು ಮೊಬೈಲು. 2011ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಟ್ರಿಗರ್‌ಟ್ರ್ಯಾಪ್ ಎಂಬ ಸಂಸ್ಥೆ ಮುಂದೆ ಫೋನಿನ ಇಯರ್‌ಫೋನ್ ತೂತಿನಿಂದ ಕ್ಯಾಮೆರಾಕ್ಕೆ ಒಂದು ವೈರು ಎಳೆಯಿತು. ಚಪ್ಪಾಳೆ ತಟ್ಟಿದರೆ ಕ್ಲಿಕ್, ಅಲುಗಾಟ ಕಂಡರೆ ಕ್ಲಿಕ್, ಹತ್ತು ಸೆಕೆಂಡಿಗೊಮ್ಮೆ ಕ್ಲಿಕ್. ಬಲೂನು ಒಡೆಯುವ ಕ್ಷಣ, ಇಡೀ ರಾತ್ರಿ ನಕ್ಷತ್ರಗಳು ಉರುಳಿದ ಜಾಡು ಇವೆಲ್ಲ ಹವ್ಯಾಸಿಯ ಕೈಗೆ ಅಗ್ಗದಲ್ಲಿ ಸಿಕ್ಕವು. ಸದ್ದಿಗೆ ಫ್ಲ್ಯಾಶ್ ಹೊತ್ತಿಸಿ ಗುಂಡು ಸೇಬನ್ನು ಸೀಳುವುದನ್ನು ಹಿಡಿಯಲು ಹೆರಾಲ್ಡ್ ಎಡ್ಜರ್ಟನ್‌ಗೆ ಎಂಐಟಿಯ ಪ್ರಯೋಗಾಲಯವೇ ಬೇಕಾಗಿತ್ತು. 2013ರಲ್ಲಿ ಟ್ರಿಗರ್‌ಟ್ರ್ಯಾಪ್ ಹೊಸ ಉಪಕರಣಕ್ಕೆಂದು ಜನರಿಂದ ಸುಮಾರು 2.9 ಲಕ್ಷ ಪೌಂಡ್ ಮುಂಗಡ ಕೂಡಿಸಿತು. ತಯಾರಿಕೆಯ ಖರ್ಚು ಕೈಮೀರಿ 2015ರಲ್ಲಿ ಯೋಜನೆ ನಿಂತುಹೋಯಿತು, ಹಣದ ಒಂದು ಪಾಲಷ್ಟೇ ಹಿಂತಿರುಗಿತು, 2017ರಲ್ಲಿ ಸಂಸ್ಥೆಯೇ ಮುಚ್ಚಿತು. ಅಷ್ಟರಲ್ಲಿ ಐಫೋನಿನಿಂದ ಆ ಇಯರ್‌ಫೋನ್ ತೂತೂ ಮಾಯವಾಗಿತ್ತು.

ಅದೇ 2017ರಲ್ಲಿ ಆರ್ಸೆನಲ್ ಎಂಬ ಪುಟ್ಟ ಪೆಟ್ಟಿಗೆಗೆ 25 ಲಕ್ಷ ಡಾಲರಿಗೂ ಹೆಚ್ಚು ಮುಂಗಡ ಹರಿದುಬಂತು. ಕ್ಯಾಮೆರಾದ ನೆತ್ತಿಯ ಮೇಲೆ ಕೂತು, ಎದುರಿನ ದೃಶ್ಯವನ್ನು ತನ್ನ ಸಂಗ್ರಹದ ಸಾವಿರಾರು ಚಿತ್ರಗಳಿಗೆ ಹೋಲಿಸಿ, ಸೆಟ್ಟಿಂಗ್‌ಗಳನ್ನು ತಾನೇ ಆರಿಸುತ್ತೇನೆ ಎಂದಿತು ಅದು. ಕ್ಯಾನನ್ನಿನ ಪುಸ್ತಕವೇ, ಪುಟ ತಿರುವುವ ಕೆಲಸ ಮಾತ್ರ ಇಲ್ಲ. ಜಲಪಾತದ ನೀರು ಹಾಲಿನ ಹೊದಿಕೆಯಾಗಬೇಕೋ ಹನಿಹನಿಯಾಗಿ ಸಿಡಿಯಬೇಕೋ ಎಂದು ಕೇಳಿದರೆ, ಹೆಚ್ಚು ಜನ ಹೇಗೆ ತೆಗೆದಿದ್ದಾರೋ ಹಾಗೆ ಎನ್ನುವುದು ಇಂಥ ಪೆಟ್ಟಿಗೆಗಳ ಸಹಜ ಒಲವು. ಜೋಗದಲ್ಲಿ ಮಳೆಗಾಲದ ರಾಜನೂ ಬೇಸಿಗೆಯ ರಾಜನೂ ಒಂದೇ ಸೆಟ್ಟಿಂಗಿಗೆ ಒಗ್ಗುತ್ತಾರೆಯೇ ಎಂಬುದು ಅಲ್ಲಿ ಟ್ರೈಪಾಡ್ ಊರಿದವರಿಗೆ ಗೊತ್ತು.

ಇತ್ತ ಹಳೆಯ ತಂತಿ ಸದ್ದಿಲ್ಲದೆ ಉಳಿದುಕೊಂಡಿದೆ. ಫ್ಯೂಜಿಯ 2011ರ ಎಕ್ಸ್100, ನಿಕಾನಿನ 2013ರ ಡಿಎಫ್ ಇವೆಲ್ಲ ಡಿಜಿಟಲ್ ಕ್ಯಾಮೆರಾಗಳೇ. ಅವುಗಳ ಶಟರ್ ಗುಂಡಿಯ ನಡುವೆ ಸಣ್ಣ ತೂತು, ತೂತಿನೊಳಗೆ ತಿರುಪಿನ ಮರೆ. ಅಜ್ಜನ ಟ್ರಂಕಿನ ತಳದಲ್ಲಿ ಸಿಕ್ಕ ಕೇಬಲ್ ರಿಲೀಸಿನ ತುದಿಯನ್ನು ಅಲ್ಲಿಟ್ಟು ಮೂರು ಸುತ್ತು ತಿರುಗಿಸಿದರೆ ಕೂತುಕೊಳ್ಳುತ್ತದೆ. ಡಯಲನ್ನು ಬಿ ಗುರುತಿಗೆ ತಂದು, ತಂತಿಯ ತುದಿ ಒತ್ತಿ, ಒಂದು ಎರಡು ಮೂರು ಎಂದು ಎಣಿಸುತ್ತ ನಿಲ್ಲಬಹುದು.