ಹಿಡಿತ

‘ಕೈ ಹಿಡ್ಕೊಂಡಿದೆ’ ಅನ್ನುತ್ತೇವೆ. ಸೊಂಟ ಹಿಡ್ಕೊಂಡಿದೆ, ಕತ್ತು ಹಿಡ್ಕೊಂಡಿದೆ, ಕೂತು ಏಳೋ ಹೊತ್ತಿಗೆ ಮಂಡಿ ಹಿಡ್ಕೊಂಡುಬಿಟ್ಟಿದೆ. ಹಿಡಿದವರು ಯಾರು ಎಂದು ಯಾರೂ ಕೇಳುವುದಿಲ್ಲ. ಕನ್ನಡ ಬಲ್ಲವರಿಗೆ ಅಷ್ಟು ಸಾಕು. ಹನ್ನೊಂದು ವರ್ಷಗಳಿಂದ ಬೆಳಿಗ್ಗೆ ಎದ್ದು ನಾನು ಆಡುವ ಮೊದಲ ಮಾತು ಹೆಚ್ಚುಕಮ್ಮಿ ಇದೇ. ಹಾಗಾಗಿ ಈ ‘ಹಿಡಿ’ಯ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅನಿಸುತ್ತಿತ್ತು.

ಹಳಗನ್ನಡದಲ್ಲಿ ಅದು ‘ಪಿಡಿ’. ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ ಪಿಡಿ ಹಿಡಿಯಾಯಿತು. ತಮಿಳಿನವರು ಇವತ್ತಿಗೂ ಪಿಡಿ ಎನ್ನುತ್ತಾರೆ. ತೆಲುಗಿನಲ್ಲಿ ಪಿಡಿಕಿಲಿ ಎಂದರೆ ಮುಷ್ಟಿ. ನಮ್ಮಲ್ಲಿ ಕ್ರಿಯಾಪದವೂ ಅದೇ, ನಾಮಪದವೂ ಅದೇ. ಚಾಕುವಿನ ಹಿಡಿ, ಕೊಡೆಯ ಹಿಡಿ, ದಕ್ಷಿಣ ಕನ್ನಡದವರ ಹಿಡಿಸೂಡಿ, ಕುಚೇಲ ಗಂಟು ಕಟ್ಟಿಕೊಂಡು ಹೋದ ಹಿಡಿ ಅವಲಕ್ಕಿ. ಮಡಚಿದ ಅಂಗೈಯೂ ಹಿಡಿ, ಅದರೊಳಗೆ ಹಿಡಿಸುವಷ್ಟು ಪದಾರ್ಥವೂ ಹಿಡಿ.

ನನ್ನ ಕಾಯಿಲೆ ಮೊದಲು ಗೊತ್ತಾದದ್ದು ಈ ಅಳತೆಯಲ್ಲೇ. ಸಾರಿಗೆ ಬೇಳೆ ಹಾಕುವಾಗ ನಾನು ಲೋಟ, ಪಾವು ಹುಡುಕಿದವಳಲ್ಲ. ಇಬ್ಬರಿಗೆ ಮೂರು ಹಿಡಿ ತೊಗರಿಬೇಳೆ, ನೆಂಟರು ಬಂದರೆ ಐದು. ಮದುವೆಯಾಗಿ ಬಂದಾಗಿನಿಂದ ಅದೇ ಲೆಕ್ಕ. ಒಂದು ಮಳೆಗಾಲದಲ್ಲಿ ನಮ್ಮ ಯಜಮಾನರು ಎರಡು ಮೂರು ಸಲ, ‘ಯಾಕೋ ಇತ್ತೀಚೆಗೆ ಸಾರು ತೆಳ್ಳಗಾಗ್ತಿದೆಯಲ್ಲೇ’ ಎಂದರು. ಬೇಳೆಯೇ ಸರಿಯಿಲ್ಲ ಅಂದುಕೊಂಡು ಅಂಗಡಿ ಬದಲಾಯಿಸಿದೆ. ತಿಂಗಳು ಕಳೆದ ಮೇಲೆ ಒಂದು ದಿನ ಡಬ್ಬಿಯ ಮೇಲೆ ಕೈಯನ್ನು ಹಾಗೇ ನಿಲ್ಲಿಸಿ ನೋಡಿದೆ. ಬೆರಳ ತುದಿಗಳು ಅಂಗೈಯನ್ನು ಮುಟ್ಟುತ್ತಿರಲಿಲ್ಲ. ನಡುಬೆರಳ ಬುಡದ ಗೆಣ್ಣು ಹಲಸಿನ ಬೀಜದಂತೆ ಊದಿಕೊಂಡಿತ್ತು. ಬೇಳೆ ಬೆರಳ ಸಂದಿಯಿಂದ ಜಾರಿ ಮತ್ತೆ ಡಬ್ಬಿಗೇ ಬೀಳುತ್ತಿತ್ತು. ನನ್ನ ಹಿಡಿ ಚಿಕ್ಕದಾಗಿತ್ತು.

ನಮ್ಮ ಮಾತಿನಲ್ಲಿ ಮನುಷ್ಯ ಹಿಡಿಯುವುದಕ್ಕಿಂತ ಮನುಷ್ಯನನ್ನು ಹಿಡಿಯುವ ಸಂಗತಿಗಳೇ ಜಾಸ್ತಿಯೇನೋ. ಹುಚ್ಚು ಹಿಡಿಯುತ್ತದೆ, ದೆವ್ವ ಹಿಡಿಯುತ್ತದೆ, ಶನಿ ಹಿಡಿಯುತ್ತದೆ. ಕಬ್ಬಿಣಕ್ಕೆ ತುಕ್ಕು, ಉಪ್ಪಿನಕಾಯಿಗೆ ಬೂಷ್ಟು, ಚಂದ್ರನಿಗೆ ಗ್ರಹಣ. ಆಷಾಢದಲ್ಲಿ ಜಡಿಮಳೆ ಹಿಡಿಯಿತೆಂದರೆ ವಾರವಾದರೂ ಬಟ್ಟೆ ಒಣಗುವುದಿಲ್ಲ. ಈ ಯಾವ ವಾಕ್ಯದಲ್ಲೂ ಕರ್ತೃ ನಾವಲ್ಲ. ಕಾಯಿಲೆ ಬಂದ ಹೊಸದರಲ್ಲಿ ನನಗೆ ಸಮಾಧಾನ ಕೊಟ್ಟದ್ದು ಈ ವ್ಯಾಕರಣವೇ. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಪ್ರಶ್ನೆ ಇಟ್ಟುಕೊಂಡು ಬರುತ್ತಿದ್ದರು. ಬದನೆಕಾಯಿ ತಿಂತಿದ್ಯಾ? ಹುಳಿ ಜಾಸ್ತಿ ತಿಂದ್ಯಾ? ತಣ್ಣೀರಲ್ಲಿ ಬಟ್ಟೆ ಒಗೀತಿದ್ಯಾ? ನಾನೇ ಏನೋ ಮಾಡಿಕೊಂಡೆ ಎಂಬ ಧಾಟಿ. ರುಮಟಾಯ್ಡ್ ಆರ್ಥ್ರೈಟಿಸ್ ಹಾಗೆ ಬರುವುದಿಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲಿನ ಒಳಪದರವನ್ನು ಪರರದ್ದೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಒಳಪದರ ಬಾತುಕೊಳ್ಳುತ್ತದೆ, ಔಷಧಿಯಿಲ್ಲದೆ ಬಿಟ್ಟರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ತಿನ್ನುತ್ತಾ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ‘ಹಿಡಿದಿದೆ’ ಅನ್ನುವುದೇ ಸರಿ. ನಾನು ಕರೆದದ್ದಲ್ಲ.

2006ರಲ್ಲಿ ನಮ್ಮ ರಾಜ್ಯದ ಊರೂರಲ್ಲಿ ಚಿಕೂನ್‌ಗುನ್ಯ ಹಬ್ಬಿದಾಗಲೂ ಜನರ ಬಾಯಲ್ಲಿ ಇದೇ ಮಾತಿತ್ತು. ಜ್ವರ ಹೋಗಿ ತಿಂಗಳುಗಟ್ಟಲೆ ಕೈಕಾಲು ಹಿಡಿದುಕೊಂಡೇ ಇರುತ್ತಿದ್ದವು. ಆ ಕಾಯಿಲೆಯ ಹೆಸರು ಪೂರ್ವ ಆಫ್ರಿಕಾದ ಮಕೊಂಡೆ ಭಾಷೆಯದು. ಮೈ ಬಾಗಿಹೋಗುವುದು ಎಂದು ಅದರ ಅರ್ಥ. ಅಲ್ಲಿನವರು ಹೊರಗೆ ಕಂಡ ಬಾಗನ್ನು ಹೆಸರಿಸಿದರು. ಕನ್ನಡ ಒಳಗಿನ ಬಿಗಿಯನ್ನು ಹೆಸರಿಸುತ್ತದೆ. ನೋವು ತಿನ್ನುವವಳಾಗಿ ನನಗೆ ನಮ್ಮ ಮಾತೇ ಹೆಚ್ಚು ನಿಜ ಅನಿಸುತ್ತದೆ.

ನಮ್ಮಜ್ಜಿಯ ಬೆರಳುಗಳು ಎಲ್ಲವೂ ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು, ಗಾಳಿಗೆ ಒಂದೇ ದಿಕ್ಕಿಗೆ ಮಲಗಿದ ಪೈರಿನ ಹಾಗೆ. ‘ವಾಯು ಹಿಡಿದಿದೆ ಮಗಾ’ ಎಂದಷ್ಟೇ ಹೇಳುತ್ತಿದ್ದರು. ಅವರನ್ನು ಹಿಡಿದದ್ದೂ ಇದೇ ಇರಬೇಕು. ಊಟ ಮಾಡುವಾಗ ತುತ್ತು ಬಾಯಿಗೆ ಹೋಗುವ ಮೊದಲು ಎರಡು ಅಗುಳು ಬಟ್ಟಲಿಗೆ ಉದುರುತ್ತಿದ್ದವು, ನಾವು ಮೊಮ್ಮಕ್ಕಳು ನೋಡಿಯೂ ನೋಡದಂತೆ ಕೂತಿರುತ್ತಿದ್ದೆವು. ನಾನೀಗ ವಾರಕ್ಕೊಮ್ಮೆ ನುಂಗುವ ಮೆಥೊಟ್ರೆಕ್ಸೇಟ್ ಮಾತ್ರೆಗೆ ಅಮೆರಿಕದಲ್ಲಿ ಈ ಕಾಯಿಲೆಯ ಔಷಧಿಯೆಂದು ಒಪ್ಪಿಗೆ ಸಿಕ್ಕಿದ್ದೇ 1988ರಲ್ಲಿ. ಅಷ್ಟು ಹೊತ್ತಿಗೆ ಅಜ್ಜಿಯ ಕೈ ತಿರುಚಿ ಮುಗಿದಿತ್ತು.

ನನ್ನ ಕೈ ಹಾಗಾಗಲಿಲ್ಲ, ಆದರೆ ಒಂದೂವರೆ ವರ್ಷ ಸುಮ್ಮನೆ ಹೋಯಿತು. ಮೊದಲು ಕಂಡ ವೈದ್ಯರು ‘ಈ ವಯಸ್ಸಿಗೆ ಇದೆಲ್ಲ ಸಹಜ’ ಎಂದು ನೋವಿನ ಮಾತ್ರೆ ಬರೆದುಕೊಟ್ಟರು. ಆಗ ನನಗೆ 43. ಆಮೇಲೆ ಕಂಡ ರುಮಟಾಲಜಿ ವೈದ್ಯೆ ರಕ್ತಪರೀಕ್ಷೆಗೂ ಮೊದಲು ಕೇಳಿದ್ದು ಒಂದೇ ಮಾತು: ‘ಬೆಳಿಗ್ಗೆ ಕೈ ಹಿಡ್ಕೊಂಡಿರುತ್ತೆ ಅಂದ್ರಲ್ಲ, ಬಿಡೋಕೆ ಎಷ್ಟು ಹೊತ್ತು ಬೇಕು?’ ‘ಕಾಫಿ ಕುಡಿದು, ಪೇಪರ್ ಓದಿ, ಸ್ನಾನಕ್ಕೆ ಹೋಗೋ ತನಕ’ ಎಂದೆ. ಎರಡು ಗಂಟೆ. ಅವರು ಪೆನ್ನು ಕೆಳಗಿಟ್ಟು ನನ್ನ ಎರಡೂ ಕೈಗಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಮಂಡಿ ಸವೆತದವರಿಗೂ ಬೆಳಿಗ್ಗೆ ಹಿಡಿದುಕೊಳ್ಳುತ್ತದೆ, ಆದರೆ ನಾಲ್ಕು ಹೆಜ್ಜೆ ಓಡಾಡಿದರೆ, ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಬಿಡುತ್ತದಂತೆ.

ಹಿಡಿ ಇದ್ದಲ್ಲಿ ಬಿಡು ಇರಬೇಕು. ಜ್ವರ ಬಿಡುತ್ತದೆ, ಗ್ರಹಣ ಬಿಡುತ್ತದೆ, ಹಿಡಿದ ಮಳೆಯೂ ಒಂದು ದಿನ ಬಿಡುತ್ತದೆ. ನನ್ನಕ್ಕ ಊರಿನಿಂದ ಫೋನ್ ಮಾಡಿದಾಗಲೆಲ್ಲ ‘ಈಗ ಹೇಗಿದೆಯೇ, ಬಿಡ್ತಾ?’ ಎಂದು ಕೇಳುತ್ತಾಳೆ. ಪ್ರೀತಿಯಿಂದಲೇ ಕೇಳುತ್ತಾಳೆ. ಮೊದಲ ಎರಡು ವರ್ಷ ಆ ಪ್ರಶ್ನೆಗೆ ನನಗೆ ಅಳು ಬರುತ್ತಿತ್ತು. ಬಿಟ್ಟಿಲ್ಲ ಎಂದರೆ ಅವಳಿಗೆ ಬೇಜಾರು, ಬಿಟ್ಟಿದೆ ಎಂದರೆ ಸುಳ್ಳು. ಈ ಕಾಯಿಲೆಗೆ ‘ಬಿಡು’ ಎಂಬ ಕ್ರಿಯಾಪದ ಪೂರ್ತಿಯಾಗಿ ಕೂಡುವುದಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ನೋವಿಗಿಂತ ಹೆಚ್ಚು ಕಷ್ಟವಾಯಿತು.

ಮೂರನೆಯ ವರ್ಷ ವೈದ್ಯೆ ರಿಪೋರ್ಟ್ ನೋಡಿ, ‘ಕಾಯಿಲೆ ಹಿಡಿತದಲ್ಲಿದೆ’ ಎಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಆ ಮಾತು ಮನಸ್ಸಿನಲ್ಲಿ ಓಡುತ್ತಿತ್ತು. ಕಂಡಕ್ಟರ್ ‘ಗಟ್ಟಿಯಾಗಿ ಹಿಡ್ಕೊಳ್ಳಮ್ಮ’ ಎಂದಾಗ, ಬೆರಳು ಬಳಸದೆ ಮೊಣಕೈ ಮಡಚಿ ಕಂಬಿಗೆ ಸಿಕ್ಕಿಸಿಕೊಂಡೆ. ಕಾಯಿಲೆ ನನ್ನನ್ನು ಹಿಡಿದಿತ್ತು; ಈಗ ಕಾಯಿಲೆಯೇ ಹಿಡಿತದಲ್ಲಿದೆ. ಮಾತು ಅದೇ, ಕರ್ತೃ ಬದಲಾಗಿದೆ. ಯಾರೂ ಯಾರನ್ನೂ ಬಿಟ್ಟಿಲ್ಲ, ನಿಜ.

ಹಿಡಿತಕ್ಕೆ ಇನ್ನೊಂದು ಅರ್ಥವಿದೆ, ಅದನ್ನು ಅಮ್ಮನಿಂದ ಕಲಿತಿದ್ದೆ. ಸಂಬಳದ ದಿನ ಅಪ್ಪ ಕವರ್ ಕೊಟ್ಟರೆ ಅಮ್ಮ ಹಾಲಿಗೆ, ಬಾಡಿಗೆಗೆ, ಸ್ಕೂಲಿಗೆ ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಇಡುತ್ತಿದ್ದಳು. ‘ಕೈ ಸ್ವಲ್ಪ ಹಿಡಿತದಲ್ಲಿರಲಿ’ ಎನ್ನುವುದು ಅವಳ ಮಾತು. ಜಿಪುಣತನವಲ್ಲ ಅದು, ಇಪ್ಪತ್ತೈದನೇ ತಾರೀಖಿಗೂ ಸಾರು ಕುದಿಯಬೇಕೆಂಬ ಲೆಕ್ಕ. ನಾನೀಗ ಕೈಯನ್ನೇ ಹಾಗೆ ಖರ್ಚು ಮಾಡುತ್ತೇನೆ. ತೆಂಗಿನಕಾಯಿ ತುರಿದ ದಿನ ಚಪಾತಿ ಇಲ್ಲ. ಬಟ್ಟೆ ಹಿಂಡುವುದಿಲ್ಲ, ನೀರು ಸೋರಲೆಂದು ನೇತುಹಾಕುತ್ತೇನೆ. ಮಾತ್ರೆ ನುಂಗಿದ ಮಾರನೆಯ ದಿನ ಹೊಟ್ಟೆ ತೊಳಸುತ್ತದೆ, ಆ ದಿನಕ್ಕೆ ಯಾರ ಮನೆಯ ಕರೆಯನ್ನೂ ಒಪ್ಪುವುದಿಲ್ಲ. ಕುಕ್ಕರಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದ್ದೇನೆ. ಬಿಗಿಯಾದ ಮುಚ್ಚಳಗಳನ್ನು ರಾತ್ರಿಯೇ ಸಡಿಲ ಮಾಡಿಡುವ ಕೆಲಸ ಕೈ ಹಿಡಿದವರದು.

ರಂಗೋಲಿ ಮಾತ್ರ ಹೋಯಿತು. ಹೆಬ್ಬೆರಳು, ತೋರುಬೆರಳ ನಡುವೆ ಪುಡಿ ಹಿಡಿದು ಎಳೆ ಬಿಡುವ ಆ ಹದ ಮತ್ತೆ ಬರಲಿಲ್ಲ. ಹಬ್ಬದ ದಿನ ಬಾಗಿಲ ಮುಂದೆ ಪಕ್ಕದ ಮನೆಯ ಹುಡುಗಿ ಹಾಕುವುದನ್ನು ನೋಡುತ್ತಾ ನಿಂತಾಗ ಈಗಲೂ ಸಂಕಟವಾಗುತ್ತದೆ. ನೋವು ದೊಡ್ಡ ಗುರು ಎಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅದು ಇಲ್ಲದಿದ್ದರೆ ನಾನು ಇನ್ನೂ ಚೆನ್ನಾಗಿ ಬದುಕುತ್ತಿದ್ದೆ. ಇದೆ, ಇದರ ಜೊತೆಗೇ ಅಡುಗೆ, ಓದು, ಮಾತುಕತೆ ಎಲ್ಲ ನಡೆಯುತ್ತಿದೆ. ಬೇಳೆಗೆ ಈಗ ಒಂದು ಸ್ಟೀಲ್ ಲೋಟ ಇಟ್ಟುಕೊಂಡಿದ್ದೇನೆ.

ಓದುವವರಲ್ಲಿ ಒಂದು ಕೇಳಿಕೊಳ್ಳುತ್ತೇನೆ. ಬೆಳಿಗ್ಗೆ ಎದ್ದಾಗ ನಿಮ್ಮ ಎರಡೂ ಕೈಗಳು ಹಿಡಿದುಕೊಂಡು ಅರ್ಧ ಗಂಟೆ ಕಳೆದರೂ ಬಿಡದಿದ್ದರೆ, ಗೆಣ್ಣುಗಳು ಊದಿದ್ದರೆ, ವಾಯು ಎಂದು ಎಣ್ಣೆ ಹಚ್ಚಿಕೊಂಡು ಕೂರಬೇಡಿ. ಆರು ವಾರ ದಾಟುವ ಮೊದಲೇ ರುಮಟಾಲಜಿ ಬಲ್ಲ ವೈದ್ಯರನ್ನು ಕಾಣಿ. ಹೋಗುವಾಗ, ಕೈ ಬಿಡಲು ಎಷ್ಟು ನಿಮಿಷ ಬೇಕಾಯಿತೆಂದು ಗಡಿಯಾರ ನೋಡಿ ಒಂದು ವಾರದ ಲೆಕ್ಕ ಬರೆದುಕೊಂಡು ಹೋಗಿ.